ಬಸ್ಸು ಹೊರಟಿತೋ, ಹೊರಟುಹೋಗಿತ್ತೋ?
(ಇಂಗ್ಲಿಷ್ ವ್ಯಾಕರಣದ ಅಭ್ಯಾಸಗಳಲ್ಲಿ ಕ್ರಿಯಾಪದ ಮತ್ತು ಕಾಲದ ಆಯ್ಕೆ)



ಇಂದಿನ ಮಾತು ಮುಖ್ಯವಾಗಿ ಶಿಕಾರಿಪುರ, ಸೊರಬದಂತಹ ತಾಲ್ಲೂಕುಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗಳಿಗೆ, ಅವರ ತಂದೆತಾಯಿಗಳಿಗೆ, ಮತ್ತು ನನ್ನ ಸಹೋದ್ಯೋಗಿಗಳಾದ ಶಿಕ್ಷಕರಿಗೆ. ಈ ಎರಡು ತಾಲ್ಲೂಕುಗಳಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಹೇಳಿದವನು ನಾನು. ಪ್ರಶ್ನೆಪತ್ರಿಕೆಯ ಇತರ ಭಾಗಗಳನ್ನು ಹೇಗೋ ನಿಭಾಯಿಸುವ ಮಕ್ಕಳು ಒಂದು ಕಡೆ ಮಾತ್ರ ಪೆನ್ನು ಹಿಡಿದು ಹಾಗೆಯೇ ಕುಳಿತುಬಿಡುವುದನ್ನು ಪ್ರತಿವರ್ಷವೂ ಕಂಡಿದ್ದೇನೆ. ಅದು ‘ಬಿಟ್ಟ ಸ್ಥಳವನ್ನು ಕ್ರಿಯಾಪದದ ಸರಿಯಾದ ರೂಪದಿಂದ ತುಂಬಿರಿ’ ಎಂಬ ಪ್ರಶ್ನೆ. ಅಲ್ಲಿ ಬಹುಮಂದಿ ಮಾಡುವುದು ಊಹೆ. ‘ವೆಂಟ್’ ಬರೆದರೆ ಸರಿಯಾದೀತೋ, ‘ಹ್ಯಾಡ್ ಗಾನ್’ ಬರೆದರೆ ಸರಿಯಾದೀತೋ ಎಂದು ಚೀಟಿ ಎತ್ತಿದಂತೆ ಬರೆಯುತ್ತಾರೆ. ಈ ಊಹೆಯನ್ನು ಬಿಡಿಸಿ, ಯೋಚಿಸಿ ಬರೆಯುವ ದಾರಿಯೊಂದನ್ನು ಹೇಳಬೇಕೆಂಬುದು ನನ್ನ ಉದ್ದೇಶ. ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿಯೇ ಕೊಟ್ಟಿದ್ದೇನೆ. ಜೋರಾಗಿ ಓದಿಕೊಳ್ಳಿ, ಕಿವಿಗೂ ಅಭ್ಯಾಸವಾಗಲಿ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಹಲವು ವರ್ಷಗಳ ಹಿಂದೆ ಒಂದು ಕಿರುಪರೀಕ್ಷೆಯಲ್ಲಿ ಈ ವಾಕ್ಯ ಕೊಟ್ಟಿದ್ದೆ: ‘ವೆನ್ ವಿ ರೀಚ್ಡ್ ದಿ ಬಸ್ ಸ್ಟ್ಯಾಂಡ್, ದಿ ಬಸ್ ______.’ ತುಂಬಬೇಕಾದ ಕ್ರಿಯಾಪದ ‘ಲೀವ್’. ಮಾದರಿ ಉತ್ತರ ‘ಹ್ಯಾಡ್ ಲೆಫ್ಟ್’. ಒಬ್ಬ ಹುಡುಗಿ ‘ಲೆಫ್ಟ್’ ಎಂದಷ್ಟೇ ಬರೆದಿದ್ದಳು. ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಅರ್ಧ ಅಂಕ ಕಳೆದೆ. ಮರುದಿನ ಆಕೆ ಉತ್ತರಪತ್ರಿಕೆ ಹಿಡಿದು ಮೇಜಿನ ಹತ್ತಿರ ಬಂದಳು.

“ಸಾರ್, ಇದು ಯಾಕೆ ತಪ್ಪು?”

“ನೀವು ಹೋಗೋದಕ್ಕಿಂತ ಮೊದಲೇ ಬಸ್ಸು ಹೋಗಿತ್ತಲ್ಲಮ್ಮಾ, ಅದಕ್ಕೆ ಹ್ಯಾಡ್ ಲೆಫ್ಟ್.”

“ಇಲ್ಲ ಸಾರ್, ನಾವು ಹೋದ್ಮೇಲೇ ಬಸ್ಸು ಹೊರಟಿದ್ದು. ತುಂಬಾ ರಶ್ಶಿತ್ತು, ಹತ್ತಿಸಿಕೊಳ್ಳಲಿಲ್ಲ. ನಮ್ಮ ಕಣ್ಣೆದುರಿಗೇ ಹೋಯ್ತು.”

ನಾನು ಆಗ ಹೇಳಿದ ಮಾತು ಇಂದಿಗೂ ನೆನಪಿದೆ. “ಪುಸ್ತಕದಲ್ಲಿ ಹ್ಯಾಡ್ ಲೆಫ್ಟ್ ಅಂತಿದೆ. ಸುಮ್ಮನೆ ಅದನ್ನೇ ಬರ್ಕೋ” ಎಂದೆ. ಆಕೆ ಬರೆದುಕೊಂಡಳು. ಆ ವರ್ಷ ಪೂರ್ತಿ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಓದುಗರೇ, ತಪ್ಪು ನನ್ನದು. ನಾವು ತಲುಪುವ ಮೊದಲೇ ಬಸ್ಸು ಹೋಗಿದ್ದರೆ ‘ಹ್ಯಾಡ್ ಲೆಫ್ಟ್’. ನಾವು ತಲುಪುತ್ತಿದ್ದಂತೆ ನಮ್ಮೆದುರೇ ಹೊರಟಿದ್ದರೆ ‘ಲೆಫ್ಟ್’. ಎರಡೂ ಒಳ್ಳೆಯ ಇಂಗ್ಲಿಷ್. ಆದರೆ ಎರಡೂ ಬೇರೆ ಬೇರೆ ಘಟನೆಗಳು. ವಾಕ್ಯವನ್ನು ಕೊಟ್ಟ ನಾನು ಯಾವ ಘಟನೆ ಎಂಬುದನ್ನು ಹೇಳಿರಲಿಲ್ಲ. ‘ಬೈ ದಿ ಟೈಮ್ ವಿ ರೀಚ್ಡ್’ ಎಂದು ಕೊಟ್ಟಿದ್ದರೆ ಸಂಶಯಕ್ಕೆ ಎಡೆಯಿರುತ್ತಿರಲಿಲ್ಲ. ಆ ಹುಡುಗಿ ಮಾತ್ರ ನಡೆದ ಸಂಗತಿಯನ್ನು ಕಣ್ಣ ಮುಂದೆ ತಂದುಕೊಂಡು, ಅದಕ್ಕೆ ತಕ್ಕ ರೂಪವನ್ನು ಆರಿಸಿದ್ದಳು. ವ್ಯಾಕರಣ ಕಲಿಯುವುದು ಎಂದರೆ ಅದೇ ಅಲ್ಲವೇ?

ಹಾಗಾದರೆ ನಾವು ಸಾಮಾನ್ಯವಾಗಿ ಕಲಿಸುವುದು ಏನು? ಕಪ್ಪುಹಲಗೆಯ ಮೇಲೆ ಹನ್ನೆರಡು ಚೌಕಗಳ ಒಂದು ಪಟ್ಟಿ ಬರೆಯುತ್ತೇವೆ. ವರ್ತಮಾನ, ಭೂತ, ಭವಿಷ್ಯತ್ ಎಂಬ ಮೂರು ಸಾಲು, ಒಂದೊಂದರಲ್ಲಿ ನಾಲ್ಕು ನಾಲ್ಕು ಬಗೆ. ಆಮೇಲೆ ಒಂದು ಸುಲಭೋಪಾಯ ಹೇಳುತ್ತೇವೆ. ‘ಎವೆರಿ ಡೇ’ ಇದ್ದರೆ ಇದು, ‘ಯೆಸ್ಟರ್‌ಡೇ’ ಇದ್ದರೆ ಅದು, ‘ನೌ’ ಇದ್ದರೆ ‘ಇಂಗ್’ ಸೇರಿಸು, ‘ಸಿನ್ಸ್’ ಇದ್ದರೆ ‘ಹ್ಯಾಸ್ ಬೀನ್’ ಹಾಕು. ಈ ಉಪಾಯ ಸುಳ್ಳಲ್ಲ. ಪರೀಕ್ಷೆಯಲ್ಲಿ ಅನೇಕ ವಾಕ್ಯಗಳಿಗೆ ಅದು ಸಾಕಾಗುತ್ತದೆ. ಆದರೆ ಕಾಲವನ್ನು ಸೂಚಿಸುವ ಮಾತೇ ಇಲ್ಲದ ವಾಕ್ಯ ಬಂದಾಗ, ಅಥವಾ ಐದಾರು ವಾಕ್ಯಗಳ ಒಂದು ಕಥೆ ಕೊಟ್ಟು ತುಂಬಲು ಹೇಳಿದಾಗ, ಉಪಾಯವನ್ನು ಮಾತ್ರ ನಂಬಿದವರ ಕೈ ನಿಂತುಹೋಗುತ್ತದೆ.

ಈ ತೊಂದರೆಗೆ ಮದ್ದು ನಮ್ಮ ಮನೆಯಲ್ಲಿಯೇ ಇದೆ, ನಮ್ಮ ಕನ್ನಡದಲ್ಲಿ. ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ನೀವು ಓದಿದ್ದೀರಿ: ಧಾತುವಿಗೆ ಕಾಲಸೂಚಕ ಪ್ರತ್ಯಯ ಸೇರಿ, ಅದರ ಮೇಲೆ ಆಖ್ಯಾತ ಪ್ರತ್ಯಯ ಸೇರಿ ಕ್ರಿಯಾಪದವಾಗುತ್ತದೆ. ಮಾಡು, ದ, ಅನು ಸೇರಿ ಮಾಡಿದನು. ಮಾಡು, ಉತ್ತ, ಆನೆ ಸೇರಿ ಮಾಡುತ್ತಾನೆ. ಮಾಡು, ವ, ಅನು ಸೇರಿ ಮಾಡುವನು. 13ನೆಯ ಶತಮಾನದಲ್ಲಿಯೇ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಕ್ರಿಯಾಪದಗಳನ್ನು ಕ್ರಮವಾಗಿ ವಿವೇಚಿಸಿದ್ದಾನೆ. ಅಂದರೆ ಕ್ರಿಯಾಪದದ ಒಳಗೆ ಕಾಲ ಅಡಗಿದೆ ಎಂಬ ಸಂಗತಿ ಕನ್ನಡ ಮಕ್ಕಳಿಗೆ ಹೊಸದಲ್ಲ.

ಇನ್ನೂ ಮುಂದೆ ಹೋಗೋಣ. ಈ ಆರು ಮಾತುಗಳನ್ನು ಹೇಳಿಕೊಳ್ಳಿ: ಹೋಗುತ್ತಾನೆ, ಹೋಗುತ್ತಿದ್ದಾನೆ, ಹೋಗಿದ್ದಾನೆ, ಹೋದನು, ಹೋಗುತ್ತಿದ್ದನು, ಹೋಗಿದ್ದನು. ಇವುಗಳ ವ್ಯತ್ಯಾಸವನ್ನು ನಿಮಗೆ ಯಾರೂ ಕಲಿಸಲಿಲ್ಲ. ಆದರೂ ನೀವು ತಪ್ಪದೆ ಬಳಸುತ್ತೀರಿ. ಈಗ ಅದೇ ಸಾಲಿನಲ್ಲಿ ಇಂಗ್ಲಿಷನ್ನು ಇಡಿ: ಗೋಸ್, ಈಸ್ ಗೋಯಿಂಗ್, ಹ್ಯಾಸ್ ಗಾನ್, ವೆಂಟ್, ವಾಸ್ ಗೋಯಿಂಗ್, ಹ್ಯಾಡ್ ಗಾನ್. ಭಯ ಹುಟ್ಟಿಸುತ್ತಿದ್ದ ಪಟ್ಟಿಯ ಅರ್ಧಭಾಗ ಇಲ್ಲಿಯೇ ಮುಗಿಯಿತು.

ಒಂದು ಉದಾಹರಣೆ ನೋಡಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ, ಕದಂಬರ ಕಾಲದ ಸ್ತಂಭಶಾಸನವಿದೆ. ಅದರ ಸಂಸ್ಕೃತ ಕಾವ್ಯವನ್ನು ರಚಿಸಿದವನು ಕುಬ್ಜ ಎಂಬ ಕವಿ. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ವಿದ್ಯೆಗಾಗಿ ಕಂಚಿಗೆ ಹೋದ ಸಂಗತಿ, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ ಅವನು ಖಡ್ಗ ಹಿಡಿದ ಸಂಗತಿ ಅದರಲ್ಲಿದೆ. ಈಗ ‘ಮಯೂರಶರ್ಮ ______ ಟು ಕಾಂಚಿ’ ಎಂಬಲ್ಲಿ ಏನು ತುಂಬುವಿರಿ? ‘ಮಯೂರಶರ್ಮ ಕಂಚಿಗೆ ಹೋಗಿದ್ದಾನೆ’ ಎಂದು ಕನ್ನಡದಲ್ಲಿ ಹೇಳಿ ನೋಡಿ. ನಗು ಬರುತ್ತದೆ. ಸಾಯಂಕಾಲ ಹಿಂದಿರುಗುವನೇನೋ ಎನ್ನುವಂತಿದೆ! ‘ಹೋಗಿದ್ದಾನೆ’ ಎನ್ನುವ ಮಾತು ಇಂದಿನವರೆಗೆ ಕೈಚಾಚುತ್ತದೆ, ಈಗ ಅವನು ಇಲ್ಲಿಲ್ಲ, ಅಲ್ಲಿದ್ದಾನೆ ಎನ್ನುತ್ತದೆ. ‘ಹ್ಯಾಸ್ ಗಾನ್’ ಎಂಬುದರ ಸ್ವಭಾವವೂ ಅದೇ. ಮುಗಿದುಹೋದ ಕಾಲದ ಕಥೆಗೆ ‘ಹೋದನು’, ಅಂದರೆ ‘ವೆಂಟ್’.

ಇಸವಿಯನ್ನೋ ದಿನವನ್ನೋ ಹೇಳಿದಾಗಲೂ ಇದೇ ನಿಯಮ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಇಂಗ್ಲಿಷಿನಲ್ಲಿ ‘ಇನ್ 1942 ದಿ ಪೀಪಲ್ ಆಫ್ ಈಸೂರು ಡಿಕ್ಲೇರ್ಡ್’ ಎಂದೇ ಬರೆಯಬೇಕು. ‘ಹ್ಯಾವ್ ಡಿಕ್ಲೇರ್ಡ್’ ಸಲ್ಲದು. ಕಾಲವನ್ನು ಗೂಟ ಹೊಡೆದು ನಿಲ್ಲಿಸಿದ ಮೇಲೆ ‘ಹ್ಯಾವ್’ಗೆ ಅಲ್ಲಿ ಕೆಲಸವಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕನ್ನಡ ದಾರಿ ತೋರಿಸುತ್ತದೆ ನಿಜ. ಆದರೆ ಕೆಲವು ತಿರುವುಗಳಲ್ಲಿ ಕನ್ನಡದ ದಾರಿಯೇ ಬೇರೆ, ಇಂಗ್ಲಿಷಿನ ದಾರಿಯೇ ಬೇರೆ. ನಮ್ಮ ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಈ ತಿರುವುಗಳಲ್ಲಿಯೇ. ಅಂತಹ ಆರನ್ನು ಗುರುತಿಟ್ಟುಕೊಳ್ಳೋಣ.

ಮೊದಲನೆಯದು, ‘ನಿನ್ನೆ ಹೋಗಿದ್ದೆ’ ಎಂಬುದು. ‘ನಿನ್ನೆ ಶಿವಮೊಗ್ಗಕ್ಕೆ ಹೋಗಿದ್ದೆ’ ಎಂದು ನಾವು ಸಹಜವಾಗಿ ಹೇಳುತ್ತೇವೆ. ಹೋಗಿ ಬಂದಾಯಿತು ಎಂಬ ಅರ್ಥ ಅದರಲ್ಲಿದೆ. ಇದನ್ನೇ ಹಿಡಿದು ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಶಿವಮೊಗ್ಗ’ ಎಂದು ಬರೆದರೆ ತಪ್ಪಾಗುತ್ತದೆ. ಇಂಗ್ಲಿಷಿನ ‘ಹ್ಯಾಡ್’ ಒಂಟಿಯಾಗಿ ಬಾಳುವುದಿಲ್ಲ. ಅದಕ್ಕೆ ಭೂತಕಾಲದ ಇನ್ನೊಂದು ಘಟನೆ ಜೊತೆಗಿರಬೇಕು, ತಾನು ಅದಕ್ಕಿಂತ ಮೊದಲಿನದಾಗಿರಬೇಕು. ನಾವು ತಲುಪಿದ್ದು ಒಂದು, ಅದಕ್ಕೂ ಮೊದಲು ಬಸ್ಸು ಹೋಗಿದ್ದು ಇನ್ನೊಂದು. ಹೀಗೆ ಎರಡಿದ್ದರೆ ಮಾತ್ರ ‘ಹ್ಯಾಡ್’. ಒಂದೇ ಇದ್ದರೆ ‘ಯೆಸ್ಟರ್‌ಡೇ ಐ ವೆಂಟ್ ಟು ಶಿವಮೊಗ್ಗ’ ಸಾಕು.

ಎರಡನೆಯದು, ‘ಚಿಕ್ಕಂದಿನಲ್ಲಿ ಕೆರೆಗೆ ಹೋಗುತ್ತಿದ್ದೆ’ ಎಂಬುದು. ಇದು ಒಂದು ದಿನ ಹೋಗುತ್ತಿದ್ದಾಗ ನಡೆದ ಸಂಗತಿಯಲ್ಲ, ರೂಢಿ. ಆದ್ದರಿಂದ ‘ಐ ವಾಸ್ ಗೋಯಿಂಗ್’ ಅಲ್ಲ, ‘ಐ ಯೂಸ್ಡ್ ಟು ಗೋ’. ದಾರಿಯಲ್ಲಿ ಹೋಗುತ್ತಿದ್ದಾಗ ಮಳೆ ಬಂತು ಎನ್ನುವಾಗ ಮಾತ್ರ ‘ವಾಸ್ ಗೋಯಿಂಗ್’.

ಮೂರನೆಯದು, ‘ಹತ್ತು ವರ್ಷದಿಂದ ಇಲ್ಲಿದ್ದೇನೆ’ ಎಂಬುದು. ಕನ್ನಡದಲ್ಲಿ ವರ್ತಮಾನದ ರೂಪ ಸಾಕು. ಅದನ್ನೇ ‘ಐ ಯಾಮ್ ಹಿಯರ್ ಫ್ರಮ್ ಟೆನ್ ಇಯರ್ಸ್’ ಎಂದು ಇಂಗ್ಲಿಷಿಗೆ ತಂದರೆ ತಪ್ಪು. ಹಿಂದೆ ಆರಂಭವಾಗಿ ಈಗಲೂ ನಡೆದಿರುವುದಕ್ಕೆ ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್’ ಎನ್ನಬೇಕು. ಎಷ್ಟು ಕಾಲ ಎಂಬುದಕ್ಕೆ ‘ಫಾರ್’, ಯಾವಾಗಿನಿಂದ ಎಂಬುದಕ್ಕೆ ‘ಸಿನ್ಸ್’.

ನಾಲ್ಕನೆಯದು, ಗೌರವದ ಬಹುವಚನ. ಇದು ನಮ್ಮ ಸಂಸ್ಕಾರದಿಂದ ಬರುವ ತಪ್ಪು! ‘ನಮ್ಮ ಮೇಷ್ಟ್ರು ಬಂದರು’, ‘ಅಜ್ಜ ಊಟ ಮಾಡುತ್ತಿದ್ದಾರೆ’ ಎನ್ನುವುದು ನಮ್ಮ ಪದ್ಧತಿ. ಆ ಅಭ್ಯಾಸದಿಂದ ‘ಅವರ್ ಟೀಚರ್ ಹ್ಯಾವ್ ಕಮ್’, ‘ಮೈ ಗ್ರ್ಯಾಂಡ್‌ಫಾದರ್ ಆರ್ ಈಟಿಂಗ್’ ಎಂದು ಬರೆಯುವ ಮಕ್ಕಳಿದ್ದಾರೆ. ಇಂಗ್ಲಿಷ್ ಕ್ರಿಯಾಪದ ತಲೆಗಳನ್ನು ಎಣಿಸುತ್ತದೆಯೇ ಹೊರತು ಗೌರವವನ್ನು ಅಳೆಯುವುದಿಲ್ಲ. ಒಬ್ಬರಾದರೆ ‘ಹ್ಯಾಸ್’, ‘ಈಸ್’. ಇದರ ಜೊತೆಗೇ ಆ ಪುಟ್ಟ ‘ಎಸ್’ ಅಕ್ಷರದ ಮಾತನ್ನೂ ಹೇಳಬೇಕು. ಕನ್ನಡದಲ್ಲಿ ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ ಎಂದು ಕ್ರಿಯಾಪದದ ಬಾಲವನ್ನು ನೋಡಿಯೇ ಕರ್ತೃ ಯಾರೆಂದು ತಿಳಿಯಬಹುದು. ಇಂಗ್ಲಿಷ್ ಈ ಬಾಲಗಳನ್ನೆಲ್ಲ ಕಳೆದುಕೊಂಡು ವರ್ತಮಾನದಲ್ಲಿ ‘ಎಸ್’ ಒಂದನ್ನು ಉಳಿಸಿಕೊಂಡಿದೆ. ಉಳಿದಿರುವುದು ಒಂದೇ ಆದ್ದರಿಂದ ಅದನ್ನು ಮರೆಯಬಾರದು. ‘ದಿ ಕುಮುದ್ವತಿ ಜಾಯ್ನ್ಸ್ ದಿ ತುಂಗಭದ್ರಾ’ ಎನ್ನುವಾಗ ನದಿ ಒಂದು, ‘ಎಸ್’ ಬೇಕು. ‘ಬರ್ಡ್ಸ್ ಕಮ್ ಟು ಗುಡವಿ’ ಎನ್ನುವಾಗ ಹಕ್ಕಿಗಳು ಹಲವು, ‘ಎಸ್’ ಬೇಡ.

ಐದನೆಯದು, ‘ಮಳೆ ಬಂದರೆ’ ಎಂಬುದು. ‘ನಾಳೆ ಮಳೆ ಬಂದರೆ ಶಾಲೆಗೆ ರಜೆ’ ಎಂಬ ಮಾತು ಮಲೆನಾಡಿನ ಮಕ್ಕಳಿಗೆ ಬಹು ಪ್ರಿಯವಾದದ್ದು. ಇಲ್ಲಿ ‘ಬಂದರೆ’ ಎಂಬುದರ ಒಳಗೆ ‘ಬಂದ’ ಎಂಬ ಭೂತಕಾಲದ ರೂಪವಿದೆ, ಆದರೆ ಮಾತು ನಾಳೆಯದು. ಕನ್ನಡದ ರೂಪ ನೋಡಿದವರು ‘ಇಫ್ ಇಟ್ ರೇನ್ಡ್’ ಎನ್ನುತ್ತಾರೆ. ನಾಳೆ ಎಂಬುದನ್ನು ನೋಡಿದವರು ‘ಇಫ್ ಇಟ್ ವಿಲ್ ರೇನ್’ ಎನ್ನುತ್ತಾರೆ. ಇಂಗ್ಲಿಷ್ ಕೇಳುವುದು ‘ಇಫ್ ಇಟ್ ರೇನ್ಸ್’. ‘ವಿಲ್’ ಬರುವುದು ಮುಂದಿನ ಭಾಗದಲ್ಲಿ: ‘ಇಫ್ ಇಟ್ ರೇನ್ಸ್ ಟುಮಾರೋ, ವಿ ವಿಲ್ ಹ್ಯಾವ್ ಎ ಹಾಲಿಡೇ.’

ಆರನೆಯದು, ತಿಳಿವಿನ ಮತ್ತು ಇರವಿನ ಕ್ರಿಯಾಪದಗಳು. ‘ಐ ಯಾಮ್ ನೋಯಿಂಗ್’, ‘ಹಿ ಈಸ್ ಹ್ಯಾವಿಂಗ್ ಟೂ ಕೌಸ್’ ಎಂಬ ಮಾತುಗಳನ್ನು ನಾವು ಎಲ್ಲೆಡೆ ಕೇಳುತ್ತೇವೆ. ತಿಳಿದಿರುವುದು, ಬೇಕೆನಿಸುವುದು, ಒಡೆತನದಲ್ಲಿರುವುದು, ಇವು ನಡೆಯುತ್ತಿರುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ಅವುಗಳಿಗೆ ‘ಇಂಗ್’ ಸಾಮಾನ್ಯವಾಗಿ ಹತ್ತುವುದಿಲ್ಲ. ‘ಐ ನೋ’, ‘ಹಿ ಹ್ಯಾಸ್ ಟೂ ಕೌಸ್.’

ಹೀಗೆ ತಪ್ಪು ಮಾಡುವ ಮಗು ದಡ್ಡ ಮಗುವಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಅದು ತನ್ನ ಭಾಷೆಯ ನಿಯಮವನ್ನು ಸರಿಯಾಗಿಯೇ ಅನ್ವಯಿಸಿದೆ, ಬೇರೆ ಭಾಷೆಗೆ ಅನ್ವಯಿಸಿದೆ ಅಷ್ಟೆ.

ಇನ್ನು ಕೆಲವೆಡೆ ಕನ್ನಡವೇ ನಮ್ಮನ್ನು ಕಾಪಾಡುತ್ತದೆ. ‘ಡಿಡ್ ನಾಟ್ ವೆಂಟ್’ ಎಂಬ ತಪ್ಪನ್ನು ನೀವು ಬಲ್ಲಿರಿ. ಎಷ್ಟು ಸಲ ತಿದ್ದಿದರೂ ಮತ್ತೆ ಬರುತ್ತದೆ. ನಾನು ಆಮೇಲಾಮೇಲೆ ಮಕ್ಕಳಿಗೆ ಒಂದೇ ಪ್ರಶ್ನೆ ಕೇಳತೊಡಗಿದೆ: “ಹೋದ ಎನ್ನುವುದಕ್ಕೆ ಇಲ್ಲ ಸೇರಿಸಿ ಹೋದಲಿಲ್ಲ ಅಂತೀರೇನ್ರೋ?” ತರಗತಿಯೆಲ್ಲ ನಗುತ್ತಿತ್ತು. ನಾವು ‘ಹೋಗಲಿಲ್ಲ’ ಎನ್ನುತ್ತೇವೆ. ಇಲ್ಲವೆಂದು ಹೇಳುವಾಗ ಕನ್ನಡದ ಧಾತುವೂ ‘ದ’ ಎಂಬ ಭೂತಕಾಲದ ಗುರುತನ್ನು ಬಿಟ್ಟುಕೊಟ್ಟು ‘ಹೋಗಲು’ ಎಂಬ ರೂಪಕ್ಕೆ ಮರಳುತ್ತದೆ. ಇಂಗ್ಲಿಷಿನಲ್ಲಿಯೂ ಹಾಗೆಯೇ. ಭೂತಕಾಲದ ಭಾರವನ್ನು ‘ಡಿಡ್’ ಹೊತ್ತಿದೆ, ಆದ್ದರಿಂದ ‘ಗೋ’ ಹಗುರಾಗಿರಬೇಕು. ‘ಡಿಡ್ ನಾಟ್ ಗೋ.’ ‘ಹೋದಲಿಲ್ಲ’ ಎಂಬುದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೋ ‘ಡಿಡ್ ನಾಟ್ ವೆಂಟ್’ ಇಂಗ್ಲಿಷ್ ಬಲ್ಲವರ ಕಿವಿಗೆ ಹಾಗೆಯೇ ಕೇಳುತ್ತದೆ.

ಕ್ರಿಯಾಪದಗಳ ಮೂರು ರೂಪಗಳ ಪಟ್ಟಿಯ ವಿಷಯವೂ ಇದೇ. ಗೋ, ವೆಂಟ್, ಗಾನ್. ಬ್ರಿಂಗ್, ಬ್ರಾಟ್, ಬ್ರಾಟ್ ಎಂದು ಬಾಯಿಪಾಠ ಮಾಡುತ್ತ ಮಕ್ಕಳು ಬೇಸತ್ತು ‘ಇಂಗ್ಲಿಷಿಗೆ ತಲೆಬುಡವಿಲ್ಲ’ ಎನ್ನುತ್ತಾರೆ. ಕನ್ನಡವನ್ನೇ ನೋಡಿ. ಮಾಡು ಎಂಬುದು ಮಾಡಿದ ಆಗುತ್ತದೆ, ಹಾಡು ಎಂಬುದು ಹಾಡಿದ ಆಗುತ್ತದೆ. ಆದರೆ ಬರು ಬಂದ ಆಗುತ್ತದೆ, ತರು ತಂದ, ಕೊಡು ಕೊಟ್ಟ, ಬೀಳು ಬಿದ್ದ, ಏಳು ಎದ್ದ. ಈ ಪಟ್ಟಿಯನ್ನು ನಿಮಗೆ ಯಾರು ಬಾಯಿಪಾಠ ಮಾಡಿಸಿದರು? ಯಾರೂ ಇಲ್ಲ. ದಿನಾ ಕೇಳಿ, ದಿನಾ ಆಡಿ ಬಂದದ್ದು. ಇಂಗ್ಲಿಷ್ ರೂಪಗಳೂ ಹಾಗೆ ಬಂದರೆ ಗಟ್ಟಿ. ದಿನಕ್ಕೆ ಐದು ಕ್ರಿಯಾಪದ ತೆಗೆದುಕೊಳ್ಳಿ. ಒಂದೊಂದರಲ್ಲಿ ನಿಮ್ಮ ಮನೆಯ ಸಂಗತಿಯೊಂದನ್ನು ವಾಕ್ಯ ಮಾಡಿ ಗಟ್ಟಿಯಾಗಿ ಹೇಳಿ. ‘ಮೈ ಮದರ್ ಬ್ರಾಟ್ ಫೈರ್‌ವುಡ್ ಯೆಸ್ಟರ್‌ಡೇ.’ ಪಟ್ಟಿ ಮರೆತರೂ ಅಮ್ಮ ಸೌದೆ ತಂದದ್ದು ಮರೆಯುವುದಿಲ್ಲ.

ಕಾಲ ಎಂಬುದು ಗಡಿಯಾರ ತೋರಿಸುವ ವೇಳೆಯೇ ಎಂದು ತಿಳಿಯಬೇಡಿ ಎಂಬ ಮಾತನ್ನೂ ಇಲ್ಲಿ ಸೇರಿಸುತ್ತೇನೆ. ಹೊರಗಿನಿಂದ ಯಾರೋ ಕೂಗಿದಾಗ ಒಳಗಿನಿಂದ ನಾವು “ಬಂದೆ, ಬಂದೆ” ಎನ್ನುತ್ತೇವೆ. ಇನ್ನೂ ಕುಳಿತಲ್ಲಿಂದ ಎದ್ದೂ ಇರುವುದಿಲ್ಲ! ಭೂತಕಾಲದ ರೂಪ, ಮುಂದೆ ಆಗಬೇಕಾದ ಕೆಲಸ. ಇಂಗ್ಲಿಷಿನವರು ಅದೇ ಸಂದರ್ಭದಲ್ಲಿ ‘ಐ ಯಾಮ್ ಕಮಿಂಗ್’ ಎನ್ನುತ್ತಾರೆ. ‘ದಿ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’ ಎನ್ನುವಾಗ ರೂಪ ವರ್ತಮಾನದ್ದು, ಸಂಗತಿ ನಾಳೆಯದು. ಆದ್ದರಿಂದ ‘ಟುಮಾರೋ’ ಕಂಡೊಡನೆ ‘ವಿಲ್’ ಎಂದು ಕಣ್ಣುಮುಚ್ಚಿ ಬರೆಯಬಾರದು. ಮಾತನಾಡುವವನು ಆ ಸಂಗತಿಯನ್ನು ಹೇಗೆ ಕಾಣುತ್ತಿದ್ದಾನೆ ಎಂಬುದನ್ನು ಕೇಳಿಕೊಳ್ಳಬೇಕು.

ಹಾಗಾದರೆ ಬಿಟ್ಟ ಸ್ಥಳದ ಮುಂದೆ ಕುಳಿತಾಗ ಮಾಡಬೇಕಾದದ್ದೇನು? ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಿ. ಒಂದು, ಕೆಲಸ ಯಾರದು, ಒಬ್ಬರದೋ ಹಲವರದೋ? ಎರಡು, ಯಾವಾಗಿನದು: ಮುಗಿದ ಕಾಲದ್ದೋ, ಈಗಿನದೋ, ದಿನನಿತ್ಯದ್ದೋ, ಮುಂದಿನದೋ? ಮೂರು, ಆ ಹೊತ್ತಿನಲ್ಲಿ ಅದು ನಡೆಯುತ್ತಿತ್ತೋ, ಮುಗಿದಿತ್ತೋ? ನಾಲ್ಕು, ಪಕ್ಕದಲ್ಲಿ ಇನ್ನೊಂದು ಕ್ರಿಯಾಪದವಿದ್ದರೆ, ಎರಡರಲ್ಲಿ ಯಾವುದು ಮೊದಲು?

ಈ ಪ್ರಶ್ನೆಗಳನ್ನು ಒಂದು ಪುಟ್ಟ ಕಥೆಗೆ ಹಚ್ಚಿ ನೋಡೋಣ. ‘ಮೈ ಅಂಕಲ್ ______ ಇನ್ ಸೊರಬ’, ಕ್ರಿಯಾಪದ ‘ಲಿವ್’. ಮಾವ ಒಬ್ಬರು, ಇರುವುದು ಯಾವಾಗಲೂ. ಆದ್ದರಿಂದ ‘ಲಿವ್ಸ್’. ‘ಲಾಸ್ಟ್ ಮಂಡೇ ಐ ______ ಹಿಮ್’, ಕ್ರಿಯಾಪದ ‘ವಿಸಿಟ್’. ದಿನ ಹೇಳಿದೆ, ಮುಗಿದಿದೆ. ‘ವಿಸಿಟೆಡ್’. ‘ವೆನ್ ಐ ರೀಚ್ಡ್ ದಿ ಹೌಸ್, ಹಿ ______ ಅರೆಕಾನಟ್ ಇನ್ ದಿ ಯಾರ್ಡ್’, ಕ್ರಿಯಾಪದ ‘ಸ್ಪ್ರೆಡ್’. ನಾನು ಹೋದಾಗ ಮಾವ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು, ಕೆಲಸ ನಡೆಯುತ್ತಿತ್ತು. ‘ವಾಸ್ ಸ್ಪ್ರೆಡಿಂಗ್’. ‘ಹಿ ______ ಹಿಸ್ ಲಂಚ್ ಆಲ್ರೆಡಿ’, ಕ್ರಿಯಾಪದ ‘ಫಿನಿಶ್’. ನಾನು ಹೋಗುವ ಮೊದಲೇ ಊಟ ಮುಗಿದಿತ್ತು. ಎರಡು ಘಟನೆಗಳಲ್ಲಿ ಇದು ಮೊದಲಿನದು. ‘ಹ್ಯಾಡ್ ಫಿನಿಶ್ಡ್’. ‘ಹಿ ______ ಇನ್ ದಟ್ ಗಾರ್ಡನ್ ಫಾರ್ ಟ್ವೆಂಟಿ ಇಯರ್ಸ್ ಅಂಡ್ ಸ್ಟಿಲ್ ಲವ್ಸ್ ಇಟ್’, ಕ್ರಿಯಾಪದ ‘ವರ್ಕ್’. ಇಪ್ಪತ್ತು ವರ್ಷಗಳಿಂದ ದುಡಿಯುತ್ತಿದ್ದಾರೆ, ಇಂದಿಗೂ ಆ ತೋಟವೆಂದರೆ ಪ್ರೀತಿ. ‘ಹ್ಯಾಸ್ ವರ್ಕ್ಡ್’ ಎನ್ನಬಹುದು, ‘ಹ್ಯಾಸ್ ಬೀನ್ ವರ್ಕಿಂಗ್’ ಎಂದೂ ಎನ್ನಬಹುದು. ನೋಡಿದಿರಾ, ನಾವು ಚೀಟಿ ಎತ್ತಲಿಲ್ಲ. ಸೊರಬದ ಅಂಗಳದಲ್ಲಿ ನಿಂತು, ಕಂಡದ್ದನ್ನು ಬರೆದೆವು.

ಈಗ ತಂದೆತಾಯಿಗಳಿಗೆ ಒಂದು ಮಾತು. ನಮ್ಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಹಿಂದೆ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್, 2007-08ರಿಂದ ಒಂದನೆಯ ತರಗತಿಯಲ್ಲಿಯೇ ಬಂದಿತು. ಬೇಗ ಆರಂಭಿಸಿದ ಮಾತ್ರಕ್ಕೆ ಭಾಷೆ ಬಂದುಬಿಡುವುದಿಲ್ಲ. ‘ನಮಗೆ ಇಂಗ್ಲಿಷ್ ಬರುವುದಿಲ್ಲ, ಮಗುವಿಗೆ ಏನು ಹೇಳಿಕೊಡೋಣ’ ಎಂದು ಅನೇಕರು ಕೊರಗುತ್ತಾರೆ. ನೀವು ಇಂಗ್ಲಿಷ್ ಹೇಳಿಕೊಡಬೇಕಾಗಿಲ್ಲ. ರಾತ್ರಿ ಊಟದ ಹೊತ್ತಿಗೆ ‘ಇವತ್ತು ಏನೇನಾಯ್ತು, ಮೊದಲು ಏನಾಯ್ತು, ಆಮೇಲೆ ಏನಾಯ್ತು’ ಎಂದು ಕನ್ನಡದಲ್ಲಿ ಕೇಳಿ. ನಡೆದದ್ದನ್ನು ಕ್ರಮವಾಗಿ ಹೇಳಬಲ್ಲ ಮಗು ಕಾಲದ ಕ್ರಮವನ್ನು ಅರಿತ ಮಗು. ಇಂಗ್ಲಿಷಿನಲ್ಲಿ ರೂಪಗಳನ್ನು ಕಲಿಯುವುದಷ್ಟೇ ಅದಕ್ಕೆ ಉಳಿದಿರುತ್ತದೆ. ಕನ್ನಡ ಬಿಟ್ಟರೆ ಇಂಗ್ಲಿಷ್ ಬೇಗ ಬರುತ್ತದೆ ಎಂಬ ಮಾತನ್ನು ನನ್ನ ಅನುಭವದಲ್ಲಿ ನಾನು ಕಂಡಿಲ್ಲ. ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡವನ್ನು ಕಟ್ಟಿದರು. ನಮ್ಮ ಜಿಲ್ಲೆಯವರೇ ಆದ ಯು.ಆರ್. ಅನಂತಮೂರ್ತಿಯವರು ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡದಲ್ಲಿ ಬರೆದರು. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಶಿಕ್ಷಕ ಬಂಧುಗಳಿಗೆ ಹೇಳುವುದು ಇನ್ನೂ ಸಣ್ಣದು. ಬಿಟ್ಟ ಸ್ಥಳದಲ್ಲಿ ಮಾದರಿ ಉತ್ತರಕ್ಕಿಂತ ಬೇರೆಯಾದುದು ಕಂಡರೆ, ಕೆಂಪು ಗೆರೆ ಎಳೆಯುವ ಮೊದಲು ‘ಯಾಕೆ ಹೀಗೆ ಬರೆದೆ?’ ಎಂದು ಕೇಳಿ. ಹೆಚ್ಚಿನ ಸಲ ಅದು ತಪ್ಪೇ ಆಗಿರುತ್ತದೆ, ಆಗ ತಪ್ಪಿನ ಮೂಲ ನಿಮಗೆ ಸಿಗುತ್ತದೆ. ಒಮ್ಮೊಮ್ಮೆ ಅದು ಸರಿಯಾಗಿರುತ್ತದೆ. 2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಏರ್ಪಾಡು ಬಂತು. ಅಂಕ ತಪ್ಪಿದವರಿಗೆ ಮತ್ತೆ ಅವಕಾಶ ದೊರೆಯಿತು, ಸಂತೋಷವೇ. ಆದರೆ ಪ್ರಶ್ನೆ ಕೇಳುವ ಧೈರ್ಯವನ್ನು ಒಮ್ಮೆ ಕಳೆದುಕೊಂಡ ಮಗುವಿಗೆ ಅದನ್ನು ಮರಳಿ ಕೊಡುವ ಪರೀಕ್ಷೆ ಯಾವುದೂ ಇಲ್ಲ.

ಕೊನೆಯಲ್ಲಿ ನಿಮಗಾಗಿ ಆರು ವಾಕ್ಯಗಳು. ಉತ್ತರ ನೋಡುವ ಮೊದಲು ಆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಮೆನಿ ಬರ್ಡ್ಸ್ ______ ಟು ಗುಡವಿ ಎವೆರಿ ಇಯರ್. (ಕಮ್)
2. ಶಿ ಡಿಡ್ ನಾಟ್ ______ ಮಿ ದಿ ಟ್ರೂಥ್. (ಟೆಲ್)
3. ವೈಲ್ ಮದರ್ ______, ದಿ ಲೈಟ್ಸ್ ವೆಂಟ್ ಔಟ್. (ಕುಕ್)
4. ಬೈ ದಿ ಟೈಮ್ ವಿ ರೀಚ್ಡ್ ಸಾಗರ, ದಿ ಟ್ರೈನ್ ______. (ಲೀವ್)
5. ಇಫ್ ಇಟ್ ______ ಟುಮಾರೋ, ವಿ ವಿಲ್ ನಾಟ್ ಪ್ಲೇ. (ರೇನ್)
6. ಅವರ್ ಹೆಡ್‌ಮಾಸ್ಟರ್ ______ ಇನ್ ದಿಸ್ ಸ್ಕೂಲ್ ಸಿನ್ಸ್ 2015. (ಬಿ)

ಉತ್ತರಗಳು ಕ್ರಮವಾಗಿ: ಕಮ್, ಟೆಲ್, ವಾಸ್ ಕುಕಿಂಗ್, ಹ್ಯಾಡ್ ಲೆಫ್ಟ್, ರೇನ್ಸ್, ಹ್ಯಾಸ್ ಬೀನ್. ಆರನೆಯದರಲ್ಲಿ ‘ಹ್ಯಾವ್ ಬೀನ್’ ಎಂದು ಬರೆದವರು ಮುಖ್ಯೋಪಾಧ್ಯಾಯರಿಗೆ ಗೌರವ ಕೊಟ್ಟಿದ್ದೀರಿ, ಆದರೆ ಅಂಕ ಸಿಗುವುದಿಲ್ಲ.

ನಾಲ್ಕನೆಯ ವಾಕ್ಯವನ್ನು ‘ಬೈ ದಿ ಟೈಮ್’ ಎಂದು ಆರಂಭಿಸಿರುವುದನ್ನು ನೀವು ಗಮನಿಸಿರಬಹುದು. ಆ ಹುಡುಗಿಯ ದೆಸೆಯಿಂದ ನಾನು ಕಲಿತ ಪಾಠ ಅದು. ಅಂದಿನಿಂದ ‘ವೆನ್’ ಎಂದಷ್ಟೇ ಕೊಟ್ಟು ನಾನು ಯಾರ ಅಂಕವನ್ನೂ ಕಳೆದಿಲ್ಲ. ಆಕೆಗೆ ಕೊಡಬೇಕಾಗಿದ್ದ ಅರ್ಧ ಅಂಕ ಮಾತ್ರ ಇಂದಿಗೂ ನನ್ನ ಲೆಕ್ಕದಲ್ಲಿ ಬಾಕಿ ಉಳಿದಿದೆ. ಅವಳು ಎಲ್ಲಿಯೇ ಇರಲಿ, ಈ ಮಾತು ಅವಳ ಕಿವಿಗೆ ಬಿದ್ದರೆ ತಿಳಿಯಲಿ: ನೀನು ಬರೆದದ್ದು ಸರಿಯಾಗಿತ್ತಮ್ಮಾ. ಬಸ್ಸು ನಿನ್ನ ಕಣ್ಣೆದುರಿಗೇ ಹೊರಟಿತು.